ನಿಂತ ತಳಿ, ನಡೆಯುವ ರೋಗ

ದೊಡ್ಡಪ್ಪ: ಬಿತ್ತನೆ ಗಡ್ಡೆ ತರೋಕೆ ಹಾಸನದ ಎಪಿಎಂಸಿಗೆ ಹೋದಾಗೆಲ್ಲ ಒಂದೇ ಮಾತು ಕಿವಿಗೆ ಬೀಳ್ತದೆ. ಈಗಿನ ಜ್ಯೋತಿ ಹಳೇ ಜ್ಯೋತಿ ಅಲ್ಲ, ತಳಿ ಕೆಟ್ಟೋಯ್ತು ಅಂತಾರೆ. ಅರಕಲಗೂಡಿನವರೂ ಅದೇ, ಹೊಳೆನರಸೀಪುರದ ಕಡೆಯವರೂ ಅದೇ. ನೀನು ಸಸ್ಯರೋಗಶಾಸ್ತ್ರ ಓದ್ತಾ ಇದೀಯಲ್ಲವ್ವ, ತಳಿ ಅನ್ನೋದು ಕೆಡ್ತದಾ?

ಮಗಳು: ತಳಿ ಕೆಟ್ಟಿಲ್ಲ ದೊಡ್ಡಪ್ಪ. ಅದು ಬದಲಾಗೇ ಇಲ್ಲ, ತೊಂದರೆ ಇರೋದೇ ಅಲ್ಲಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಕುಫ್ರಿ ಜ್ಯೋತಿಯನ್ನ ಬಿಡುಗಡೆ ಮಾಡಿದ್ದು 1968ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಗಡ್ಡೆಯಿಂದ ಗಡ್ಡೆ ಬೆಳೆಸ್ಕೊಂಡು ಬಂದಿದ್ದೀವಿ. ರಾಗಿ, ಭತ್ತದ ಹಾಗೆ ಹೂವು ಕಾಳಾಗಿ, ಕಾಳು ಸಸಿಯಾಗಿ ಬಂದಿದ್ದಲ್ಲ. ಹಾಗಾಗಿ ಜಲಂಧರ್‌ನಿಂದ ಲಾರಿ ಲಾರಿ ಬರೋ ಅಷ್ಟೂ ಜ್ಯೋತಿ ಗಡ್ಡೆ ಲೆಕ್ಕಕ್ಕೆ ಒಂದೇ ಗಿಡ. ಐವತ್ತು ವರ್ಷದ ಹಿಂದಿನ ಆ ಒಂದು ಗಿಡ ಇವತ್ತು ನಮ್ಮ ಜಿಲ್ಲೆಯ ಹೊಲಗಳ ತುಂಬಾ ನಿಂತಿದೆ.

ದೊಡ್ಡಪ್ಪ: ಹಂಗಾದ್ರೆ ನಾವೇ ಉಳಿಸ್ಕೊಂಡ ಗಡ್ಡೆ ಬಿತ್ತಿದ್ರೆ ವರ್ಷದಿಂದ ವರ್ಷಕ್ಕೆ ಇಳುವರಿ ಬೀಳ್ತದಲ್ಲ, ಅದೇನು? ಅದಕ್ಕೇ ಅಲ್ವ ನಾವು ಪಂಜಾಬಿನ ಗಡ್ಡೆಗೆ ದುಡ್ಡು ಸುರಿಯೋದು?

ಮಗಳು: ಅದು ಬೇರೆ ಕಥೆ. ಅದು ನಂಜು ರೋಗ, ಅಂದರೆ ವೈರಸ್. ಹೇನು ಹರಡೋ ವೈರಸ್ಸು ಗಡ್ಡೆ ಒಳಗೇ ಕೂತು ಮುಂದಿನ ವರ್ಷದ ಗಿಡಕ್ಕೆ ಹೋಗುತ್ತೆ, ಹಾಗೇ ಕೂಡ್ತಾ ಹೋಗುತ್ತೆ. ಪಂಜಾಬಿನಲ್ಲಿ ಹೇನು ಕಡಿಮೆ ಇರೋ ತಿಂಗಳು ನೋಡಿ ಬೀಜಕ್ಕಂತ ಬೆಳೀತಾರೆ, ಅದಕ್ಕೆ ಆ ಗಡ್ಡೆ ಶುದ್ಧ. ಆದರೆ ನಂಜಿನಿಂದ ಶುದ್ಧವಾದ ಗಡ್ಡೆ ಅಂಗಮಾರಿಗೆ ಜಗ್ಗಲ್ಲ ಅಂತೇನೂ ಇಲ್ಲ. ನೀವು ಕೇಳ್ತಿರೋದು ಅಂಗಮಾರಿ ವಿಷಯ ತಾನೇ?

ದೊಡ್ಡಪ್ಪ: ಹೂಂ, ಅದೇ. ಆಷಾಢದ ಮೋಡ ಮುಚ್ಕೊಂಡು ಮೂರು ದಿನ ಜಡಿಮಳೆ ಹಿಡೀತು ಅಂದ್ರೆ ಎದೆ ಡವಗುಟ್ತದೆ. ಎಲೆ ತುದೀಲಿ ನೀರು ನೆಂದ ಹಂಗೆ ಒಂದು ಮಚ್ಚೆ, ಬೆಳಿಗ್ಗೆ ಎಲೆ ಮಗುಚಿ ನೋಡಿದ್ರೆ ಬಿಳೀ ಬೂಷ್ಟು. ವಾರ ತುಂಬೋದ್ರೊಳಗೆ ಹೊಲಕ್ಕೆ ಹೊಲ ಸುಟ್ಟ ಹಂಗೆ ಕಪ್ಪಾಗಿ, ವಾಸನೆ ಊರಿಗೇ ಬರ್ತದೆ. ಜ್ಯೋತಿ ಬಂದ ಹೊಸದ್ರಲ್ಲಿ ಹಿಂಗಿರಲಿಲ್ಲ ಅಂತ ನಮ್ಮಪ್ಪ ಹೇಳ್ತಿದ್ರು. ಸುಳ್ಳಾ ಅದು?

ಮಗಳು: ಸುಳ್ಳಲ್ಲ. ಬಿಡುಗಡೆಯಾದಾಗ ಜ್ಯೋತಿಗಿದ್ದ ದೊಡ್ಡ ಹೆಸರೇ ಅಂಗಮಾರಿ ತಡ್ಕೊಳ್ಳುತ್ತೆ ಅನ್ನೋದು. ಅಜ್ಜ ನೋಡಿದ ಜ್ಯೋತಿ, ನೀವು ನೋಡ್ತಿರೋ ಜ್ಯೋತಿ ಎರಡೂ ಒಂದೇ. ಅಜ್ಜ ನೋಡಿದ ಅಂಗಮಾರಿ, ನಿಮ್ಮ ಹೊಲದ ಅಂಗಮಾರಿ ಒಂದೇ ಅಲ್ಲ.

ದೊಡ್ಡಪ್ಪ: ರೋಗ ಬದಲಾಯ್ತು ಅಂತೀಯ. ಹೆಂಗೆ ಬದಲಾಯ್ತು? ಯಾರು ಬದಲಾಯಿಸಿದ್ರು?

ಮಗಳು: ಮೊದಲು ಗಿಡ ಹೇಗೆ ತನ್ನನ್ನ ಕಾಪಾಡಿಕೊಳ್ಳುತ್ತೆ ಅಂತ ಹೇಳ್ತೀನಿ. ನಮಗೆ ರಕ್ತ ಇದೆ, ಒಂದು ಸಾರಿ ಸಿಡುಬಾದರೆ ಮೈ ಅದನ್ನ ನೆನಪಿಟ್ಟುಕೊಂಡು ಮುಂದಿನ ಸಲಕ್ಕೆ ಸಿದ್ಧವಾಗಿರುತ್ತೆ. ಗಿಡಕ್ಕೆ ಓಡಾಡೋ ಕಾವಲು ಕಣಗಳಿಲ್ಲ. ಪ್ರತಿಯೊಂದು ಕೋಶವೂ ತನ್ನ ಕಾಪು ತಾನೇ ನೋಡ್ಕೋಬೇಕು, ಅದೂ ಹುಟ್ಟುವಾಗ ಪಡೆದುಕೊಂಡು ಬಂದ ಜೀನ್‌ಗಳ ಬಲದಿಂದ. ಈ ಕಾಪಿಗೆ ಎರಡು ಹಂತ. ಕೋಶದ ಹೊರಮೈಯಲ್ಲಿ ಕೆಲವು ಪ್ರೋಟೀನುಗಳಿರುತ್ತವೆ. ಯಾವ ಸೂಕ್ಷ್ಮಜೀವಿಯಲ್ಲೂ ಸಾಮಾನ್ಯವಾಗಿ ಇರೋ ಗುರುತು, ಅಂದರೆ ಅದರ ಗೋಡೆಯ ಚೂರು ಅಂಥದ್ದು ತಾಕಿದರೆ ಸಾಕು, ಕೋಶ ತನ್ನ ಗೋಡೆ ದಪ್ಪ ಮಾಡ್ಕೊಳ್ಳುತ್ತೆ, ವಿಷದಂಥ ರಸಾಯನ ಮಾಡುತ್ತೆ. ಗಾಳಿಯಲ್ಲಿ ಬರೋ ಸಾವಿರಾರು ಬಗೆಯ ಬೂಷ್ಟುಗಳು ನಮ್ಮ ಬೆಳೆಗೆ ಏನೂ ಮಾಡದೆ ಬಿದ್ದುಹೋಗೋದು ಈ ಮೊದಲ ಹಂತದಲ್ಲೇ.

ದೊಡ್ಡಪ್ಪ: ಅಂಗಮಾರಿ ಮಾತ್ರ ದಾಟ್ತದೆ.

ಮಗಳು: ದಾಟುತ್ತೆ. ಅದು ಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನೇ ಬಿಡುತ್ತೆ. ಅವು ಒಳಗೆ ಹೋಗಿ ಕಾಪಿನ ಕೆಲಸವನ್ನೇ ನಿಲ್ಲಿಸ್ತವೆ. ಅಂಥ ಪ್ರೋಟೀನು ಒಂದೆರಡಲ್ಲ. 2009ರಲ್ಲಿ ಅಂಗಮಾರಿಯ ಪೂರ್ತಿ ಜೀನೋಮ್ ಓದಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಒಂದೇ ಬಗೆಯ ಇಂಥ ಜೀನ್‌ಗಳು ಐನೂರಕ್ಕೂ ಮಿಕ್ಕಿ ಸಿಕ್ಕವು. ಇದಕ್ಕೆ ಎದುರಾಗಿ ಗಿಡದ್ದು ಎರಡನೇ ಹಂತ. ಕೋಶದ ಒಳಗೇ ಇನ್ನೊಂದು ಬಗೆಯ ಪ್ರೋಟೀನು ಇರುತ್ತೆ, ರೋಗದ ಒಂದು ನಿರ್ದಿಷ್ಟ ಪ್ರೋಟೀನನ್ನ ಗುರುತು ಹಿಡಿಯೋದಷ್ಟೇ ಅದರ ಕೆಲಸ. ಗುರುತು ಹಿಡಿದ ಕೂಡಲೇ ಆ ಕೋಶ ತಾನೇ ಸಾಯುತ್ತೆ. ಅಂಗಮಾರಿ ಮೊದಮೊದಲು ಜೀವಂತ ಕೋಶದಲ್ಲಿ ಮಾತ್ರ ಬೆಳೆಯೋದರಿಂದ ಅದಕ್ಕೆ ಮುಂದೆ ಹೋಗೋಕೆ ದಾರಿ ಇಲ್ಲ. ಎಲೆ ಮೇಲೆ ಸೂಜಿ ಮೊನೆಯಷ್ಟು ಕಂದು ಚುಕ್ಕೆ ಉಳಿಯುತ್ತೆ, ಅಷ್ಟೇ. 2011ರಲ್ಲಿ ಆಲೂಗಡ್ಡೆಯ ಜೀನೋಮ್ ಕೂಡ ಬಂತು. ಅದರಲ್ಲಿ ಹೀಗೆ ಗುರುತು ಹಿಡಿಯೋ ಬಗೆಯ ಜೀನ್‌ಗಳು ನಾನೂರಕ್ಕೂ ಹೆಚ್ಚು.

ದೊಡ್ಡಪ್ಪ: ಆ ಕಡೆ ಐನೂರು, ಈ ಕಡೆ ನಾನೂರು.

ಮಗಳು: ಸಂಖ್ಯೆ ಮುಖ್ಯ ಅಲ್ಲ, ಯಾವುದು ಯಾವುದಕ್ಕೆ ಹೊಂದುತ್ತೆ ಅನ್ನೋದು ಮುಖ್ಯ. ಇದನ್ನ ಮೊದಲು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ನಾರ್ತ್ ಡಕೋಟಾದಲ್ಲಿ ಅಗಸೆ ಗಿಡದ ತುಕ್ಕು ರೋಗ ನೋಡ್ತಿದ್ದ ಹೆರಾಲ್ಡ್ ಫ್ಲೋರ್, 1940ರ ದಶಕದಲ್ಲಿ. ಗಿಡದ ಒಂದು ನಿರೋಧಕ ಜೀನ್‌ಗೆ ಎದುರಾಗಿ ರೋಗದಲ್ಲಿ ಒಂದು ಜೀನ್ ಇರುತ್ತೆ, ಎರಡೂ ಹೊಂದಿದರೆ ಮಾತ್ರ ಗಿಡ ಗೆಲ್ಲುತ್ತೆ ಅಂತ ಅವರು ಕಂಡುಕೊಂಡರು. ಹಾಗಾದಾಗ ರೋಗಕ್ಕೆ ಇರೋ ದಾರಿ ಸುಲಭ. ಗುರುತು ಸಿಗೋ ಆ ಒಂದು ಪ್ರೋಟೀನನ್ನ ಸ್ವಲ್ಪ ಬದಲಾಯಿಸ್ಕೊಂಡರೆ ಆಯ್ತು, ಇಲ್ಲ ಬಿಟ್ಟೇಬಿಟ್ಟರೆ ಆಯ್ತು.

ದೊಡ್ಡಪ್ಪ: ಸ್ವಲ್ಪ ಅಂದ್ರೆ ಎಷ್ಟು?

ಮಗಳು: ಅಂಗಮಾರಿಯಲ್ಲಿ ಎವಿಆರ್3ಎ ಅಂತ ಒಂದು ಪ್ರೋಟೀನಿದೆ. ಆಲೂಗಡ್ಡೆಯ ಆರ್3ಎ ಅನ್ನೋ ಜೀನ್ ಅದನ್ನ ಹಿಡಿಯುತ್ತೆ. ಎರಡೂ ಯಾವುವು ಅಂತ ಗೊತ್ತಾಗಿದ್ದು 2005ರಲ್ಲಿ. ತಪ್ಪಿಸಿಕೊಂಡ ಅಂಗಮಾರಿಯಲ್ಲಿ ಆ ಪ್ರೋಟೀನಿನ ಕೆಲಸ ಮಾಡೋ ಭಾಗದಲ್ಲಿ ಎರಡೇ ಎರಡು ಅಮೈನೋ ಆಮ್ಲ ಬೇರೆ. 80ನೇ ಜಾಗದ್ದು ಒಂದು, 103ನೇ ಜಾಗದ್ದು ಒಂದು. ಇಷ್ಟರಲ್ಲಿ ಆರ್3ಎ ಅದನ್ನ ಗುರುತಿಸೋದೇ ಇಲ್ಲ. ಆದರೆ ಗಿಡದ ಕಾಪನ್ನ ಅಡಗಿಸೋ ತನ್ನ ಕೆಲಸವನ್ನ ಆ ಪ್ರೋಟೀನು ಮಾಡ್ಕೊಂಡೇ ಹೋಗುತ್ತೆ. ನನಗೆ ಇದನ್ನ ಮೊದಲು ಓದಿದಾಗ ಬಹಳ ಹೊತ್ತು ಮುಂದಿನ ಪುಟಕ್ಕೆ ಹೋಗೋಕೆ ಆಗಲಿಲ್ಲ. ಒಂದು ನಿರೋಧಕ ತಳಿ ಮಾಡೋಕೆ ಹತ್ತು ವರ್ಷಕ್ಕೂ ಮೇಲೆ ಬೇಕು, ಅದರ ಬಲ ಇಳಿಯೋಕೆ ಎರಡು ಕಡೆ ಬದಲಾದರೆ ಸಾಕು.

ದೊಡ್ಡಪ್ಪ: ಅದು ಬೇಕು ಅಂತ ಬದಲಾಯಿಸ್ಕೊಳ್ತದಾ? ಅದಕ್ಕೆ ಬುದ್ಧಿ ಐತಾ?

ಮಗಳು: ಇಲ್ಲ. ಒಂದು ಮಚ್ಚೆಯಿಂದ ಉದುರೋ ಬೀಜಾಣು ಲಕ್ಷದ ಲೆಕ್ಕದಲ್ಲಿರುತ್ತೆ. ತಂಪಿದ್ದು ಎಲೆ ಒದ್ದೆ ಇದ್ದರೆ, ಒಂದು ಬೀಜಾಣು ಬಿದ್ದು ಹೊಸ ಬೀಜಾಣು ಉದುರೋಕೆ ವಾರವೂ ಬೇಡ. ಒಂದು ಎಕರೆಯಲ್ಲಿ ಎಷ್ಟು ಎಲೆ, ಒಂದು ಮಳೆಗಾಲದಲ್ಲಿ ಎಷ್ಟು ತಲೆಮಾರು ಅಂತ ನೀವೇ ಯೋಚನೆ ಮಾಡಿ. ಇಷ್ಟರಲ್ಲಿ ಎಲ್ಲೋ ಒಂದರಲ್ಲಿ ಆಕಸ್ಮಿಕವಾಗಿ ಏನೋ ಬದಲಾಗಿರುತ್ತೆ. ಬಹುಪಾಲು ಬದಲಾವಣೆಯಿಂದ ಅದಕ್ಕೆ ನಷ್ಟವೇ. ಆದರೆ ಗುರುತು ತಪ್ಪಿಸಿಕೊಂಡಿದ್ದು ಒಂದೇ ಒಂದು ಹುಟ್ಟಿದರೂ, ಮುಂದಿನ ಎಲೆ ಅದರದ್ದು, ಅದರಾಚೆ ಎಲೆಯೂ ಅದರದ್ದು. ಯಾಕೆ ಅಂದರೆ ಹೊಲದಲ್ಲಿರೋ ಅಷ್ಟೂ ಎಲೆ ಒಂದೇ ಗಿಡದ್ದು. ಬುದ್ಧಿ ಬೇಕಾಗಿಲ್ಲ, ಆಯ್ಕೆ ಮಾಡಿ ಕೊಡೋರು ನಾವೇ ಇದ್ದೀವಿ.

ದೊಡ್ಡಪ್ಪ: ನಾವಾ?

ಮಗಳು: ನಿರೋಧಕ ತಳಿಯೊಂದನ್ನೇ ಜಿಲ್ಲೆ ತುಂಬ ಬಿತ್ತಿದಾಗ, ಆ ತಳಿಯನ್ನ ದಾಟಬಲ್ಲ ರೋಗಕ್ಕೆ ಮಾತ್ರ ಬದುಕು. ದಾಟಲಾಗದ್ದೆಲ್ಲ ಅಳಿಯುತ್ತೆ. ಅದನ್ನ ಆರಿಸಿ ಬೆಳೆಸೋದು ನಮ್ಮ ಹೊಲವೇ. ಇದು ಆಲೂಗಡ್ಡೆಗೇ ಮೊದಲಲ್ಲ ದೊಡ್ಡಪ್ಪ. ನಮ್ಮ ಸಕಲೇಶಪುರದ ಕಡೆ ಕಾಫಿ ತೋಟದವರಿಗೆ ಇದು ನೂರು ವರ್ಷದ ಹಿಂದೆಯೇ ಆಗಿದೆ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ಕಾಣಿಸ್ತು, ಸ್ವಲ್ಪ ದಿನದಲ್ಲೇ ನಮ್ಮ ಮಲೆನಾಡಿಗೂ ಬಂತು. 1911ರಲ್ಲಿ ದೊಡ್ಡೆನಗುಡ್ಡ ತೋಟದ ಎಲ್.ಪಿ. ಕೆಂಟ್ ಅನ್ನೋ ಬೆಳೆಗಾರ ತುಕ್ಕು ಹಿಡಿದ ತೋಟದ ನಡುವೆ ಹಸಿರಾಗಿ ನಿಂತ ಗಿಡವೊಂದನ್ನ ಗುರುತಿಸಿದ್ರು. ಅದರ ಬೀಜ 'ಕೆಂಟ್ಸ್' ಅನ್ನೋ ಹೆಸರಲ್ಲಿ ತೋಟದಿಂದ ತೋಟಕ್ಕೆ ಹಬ್ಬಿತು. ಹಬ್ಬಿದ ಮೇಲೆ ಅದಕ್ಕೂ ತುಕ್ಕು ಬಂತು.

ದೊಡ್ಡಪ್ಪ: ಕೆಂಟ್ಸ್ ಕೆಟ್ಟೋಯ್ತು ಅಂದಿರಬೇಕು ಆಗಲೂ.

ಮಗಳು: ಅಂದಿರ್ತಾರೆ. ಆದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು.ಡಬ್ಲ್ಯು. ಮೇಯ್ನ್ ಅನ್ನೋ ವಿಜ್ಞಾನಿ ಅದನ್ನ ಒಪ್ಪಲಿಲ್ಲ. ಬೇರೆ ಬೇರೆ ತೋಟದ ತುಕ್ಕನ್ನ ತಂದು ಬೇರೆ ಬೇರೆ ಗಿಡಕ್ಕೆ ಹಚ್ಚಿ ನೋಡಿದ್ರು. ಕಣ್ಣಿಗೆ ಒಂದೇ ತರಹ ಕಾಣೋ ಕಿತ್ತಳೆ ಪುಡಿಯಲ್ಲಿ ಒಂದು ಬಗೆ ಕೆಂಟ್ಸ್‌ಗೆ ಹತ್ತುತ್ತೆ, ಇನ್ನೊಂದು ಹತ್ತೋದಿಲ್ಲ ಅಂತ 1930ರ ದಶಕದ ಮೊದಲಲ್ಲೇ ತೋರಿಸಿದ್ರು. ಕಾಫಿ ತುಕ್ಕಿನಲ್ಲಿ ಬೇರೆ ಬೇರೆ ಒಳಬಗೆಗಳಿವೆ ಅಂತ ಪ್ರಪಂಚಕ್ಕೆ ಮೊದಲು ಗೊತ್ತಾಗಿದ್ದು ಅಲ್ಲಿಂದ, ನಮ್ಮ ಮನೆಯಿಂದ ಅರ್ಧ ದಿನದ ದಾರಿ. ಆಮೇಲೆ ಅಲ್ಲೇ ಲೈಬೀರಿಕಾ ಕಾಫಿಯ ರಕ್ತ ಇದ್ದ ಎಸ್.288 ಅನ್ನೋ ಆಯ್ಕೆಯನ್ನ ಕೆಂಟ್ಸ್ ಜೊತೆ ಕೂಡಿಸಿ ಎಸ್.795 ಮಾಡಿದ್ರು. 1940ರ ದಶಕದಲ್ಲಿ ಬಂದ ಆ ತಳಿ ಇವತ್ತಿಗೂ ತೋಟಗಳಲ್ಲಿದೆ. ಅದಕ್ಕೂ ತುಕ್ಕು ಹತ್ತುತ್ತೆ ಈಗ. ಆದರೆ ಕೆಂಟ್ಸ್‌ಗಿಂತ ಎಷ್ಟೋ ಹೆಚ್ಚು ಕಾಲ ಬಾಳ್ತು.

ದೊಡ್ಡಪ್ಪ: ಒಂದು ಬೇಗ ಸೋಲ್ತು, ಒಂದು ಬಹಳ ಕಾಲ ನಿಲ್ತು. ಯಾಕೆ? ರಾಗಿಯಲ್ಲೂ ನೋಡು, ಜಿಪಿಯು-28 ಬಂದು ಎಷ್ಟು ವರ್ಷ ಆಯ್ತು, ಬೆಂಕಿ ರೋಗಕ್ಕೆ ಹೆದರಿ ನಾನು ಅದನ್ನ ಬಿಟ್ಟಿಲ್ಲ.

ಮಗಳು: ನಿರೋಧಕ ಶಕ್ತಿಯಲ್ಲಿ ಎರಡು ಬಗೆ ಇದೆ. ದಕ್ಷಿಣ ಆಫ್ರಿಕಾದ ವ್ಯಾಂಡರ್‌ಪ್ಲಾಂಕ್ ಅನ್ನೋ ವಿಜ್ಞಾನಿ 1963ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನ ಬಿಡಿಸಿ ಹೇಳಿದ್ರು, ಅವರ ಉದಾಹರಣೆಯೂ ಆಲೂಗಡ್ಡೆ ಅಂಗಮಾರಿಯೇ. ಒಂದು ಬಗೆಯಲ್ಲಿ ಒಂದೇ ದೊಡ್ಡ ಜೀನ್ ರೋಗವನ್ನ ಪೂರ್ತಿ ತಡೆಯುತ್ತೆ. ಹೊಲ ನೋಡಿದರೆ ಒಂದು ಮಚ್ಚೆಯೂ ಇರಲ್ಲ, ಎಲ್ಲರಿಗೂ ಖುಷಿ. ಇನ್ನೊಂದು ಬಗೆಯಲ್ಲಿ ಹತ್ತಾರು ಸಣ್ಣ ಜೀನ್‌ಗಳು ಸೇರಿ ರೋಗವನ್ನ ನಿಧಾನ ಮಾಡ್ತವೆ. ಮಚ್ಚೆ ಬರುತ್ತೆ, ಆದರೆ ಚಿಕ್ಕದು. ಹರಡೋದು ತಡ, ಬೀಜಾಣು ಕಡಿಮೆ. ನೋಡೋಕೆ ಚೆಂದ ಇಲ್ಲ. ಮೊದಲನೆಯದನ್ನ ದಾಟೋಕೆ ರೋಗಕ್ಕೆ ಒಂದು ಹೆಜ್ಜೆ ಸಾಕು, ಎರಡನೆಯದಕ್ಕೆ ಹತ್ತಾರು ಬದಲಾವಣೆ ಒಟ್ಟಿಗೇ ಆಗಬೇಕು.

ದೊಡ್ಡಪ್ಪ: ಹಂಗಾದ್ರೆ ಎರಡನೇದನ್ನೇ ಮಾಡಬೇಕಿತ್ತಲ್ಲ.

ಮಗಳು: ಮೊದಲಿನ ಬಗೆಯ ಮೋಹ ಹೆಚ್ಚಿತ್ತು. ಮೆಕ್ಸಿಕೋದ ಕಾಡು ಆಲೂಗಡ್ಡೆ ಸೊಲಾನಮ್ ಡೆಮಿಸ್ಸಮ್‌ನಿಂದ ಆರ್1ರಿಂದ ಆರ್11ರವರೆಗೆ ಹನ್ನೊಂದು ಜೀನ್ ತಂದು ಒಂದಾದ ಮೇಲೆ ಒಂದು ತಳಿಗೆ ಸೇರಿಸಿದ್ರು. ನಮ್ಮ ಜ್ಯೋತಿಯಲ್ಲೂ ಆ ಕಾಡು ನೆಂಟನ ಪಾಲಿದೆ. ಒಂದೊಂದೂ ಸೋತಿತು. ವ್ಯಾಂಡರ್‌ಪ್ಲಾಂಕ್ ಹೇಳೋ ಇನ್ನೊಂದು ವಿಷಯ ಇನ್ನೂ ನೋವಿನದು. ಯೂರೋಪಿನಲ್ಲಿ ವರ್ಟಿಫೋಲಿಯಾ ಅಂತ ಒಂದು ತಳಿ ಇತ್ತು. ದೊಡ್ಡ ಜೀನ್‌ಗಳು ರೋಗವನ್ನ ಪೂರ್ತಿ ತಡೀತಿದ್ದಾಗ, ಅದರ ಕೆಳಗೆ ಸಣ್ಣ ಜೀನ್‌ಗಳು ಇವೆಯೋ ಇಲ್ಲವೋ ಅಂತ ನೋಡೋಕೆ ತಳಿ ಮಾಡೋರಿಗೆ ಅವಕಾಶವೇ ಇರಲಿಲ್ಲ, ಮಚ್ಚೆಯೇ ಬರ್ತಿರಲಿಲ್ಲವಲ್ಲ. ಪೀಳಿಗೆಯಿಂದ ಪೀಳಿಗೆಗೆ ಸಣ್ಣವು ಸೋರಿಹೋದವು. ದೊಡ್ಡ ಜೀನ್ ಸೋತ ದಿನ ಆ ತಳಿ ಹಳೆಯ ಸಾಧಾರಣ ತಳಿಗಳಿಗಿಂತಲೂ ಕೆಟ್ಟದಾಗಿ ಸುಟ್ಟುಹೋಯ್ತು.

ದೊಡ್ಡಪ್ಪ: ಔಷಧಿಯ ಕಥೆಯೂ ಇದೇ ಅಲ್ವೇನವ್ವ? ಮೆಟಲಾಕ್ಸಿಲ್ ಬಂದ ಹೊಸದ್ರಲ್ಲಿ ಒಂದು ಸಲ ಹೊಡೆದ್ರೆ ಹೊಲ ನಗ್ತಿತ್ತು. ಆಮೇಲೆ ಎಷ್ಟು ಹೊಡೆದ್ರೂ ಅಷ್ಟೇ.

ಮಗಳು: ಅದೇ ಕಥೆ. ಮೆಟಲಾಕ್ಸಿಲ್ ಅಂಗಮಾರಿಯ ಒಳಗೆ ಒಂದೇ ಒಂದು ಕೆಲಸವನ್ನ ತಡೆಯುತ್ತೆ. 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು, 1980ರಲ್ಲೇ ಐರ್ಲೆಂಡ್, ನೆದರ್ಲೆಂಡ್ಸ್‌ನಲ್ಲಿ ಅದಕ್ಕೆ ಬಗ್ಗದ ಅಂಗಮಾರಿ ಸಿಕ್ಕಿತು. ಮ್ಯಾಂಕೋಜೆಬ್ ಅಷ್ಟು ಜೋರಿಲ್ಲ, ರೋಗ ಬರೋಕೆ ಮುಂಚೆ ಹೊಡೆದರೆ ಮಾತ್ರ ಉಪಯೋಗ. ಆದರೆ ಅದು ಹಲವು ಕಡೆ ಒಟ್ಟಿಗೆ ತಾಕೋದರಿಂದ ಇನ್ನೂ ಕೆಲಸ ಮಾಡ್ತಿದೆ.

ದೊಡ್ಡಪ್ಪ: ನಮ್ಮ ಕಡೆ ಆ ಹೊಡೆತ ಬಿದ್ದ ವರ್ಷ ಇನ್ನೂ ಕಣ್ಣಿಗೆ ಕಟ್ಟಿದಂಗೈತೆ. ಟೊಮೆಟೊ, ಆಲೂಗಡ್ಡೆ ಎರಡೂ ಹೋದ್ವು. ಮುಂಚೆ ಅಂಗಮಾರಿ ಬಂದ್ರೆ ಅರ್ಧ ಬೆಳೆಯಾದ್ರೂ ಕೈಗೆ ಬರ್ತಿತ್ತು. ಆವಾಗಿಂದ ಎಷ್ಟೋ ಜನ ಜೋಳಕ್ಕೆ, ಶುಂಠಿಗೆ ತಿರುಗಿಬಿಟ್ರು.

ಮಗಳು: 2009, 2010ರ ಸುಮಾರಿಗೆ ನೀವು ಹೇಳೋದು. ಆಗ ದಕ್ಷಿಣ ಭಾರತಕ್ಕೆ ಬೇರೆ ಅಂಗಮಾರಿಯೇ ಬಂದಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಜೊತೆಗಾರರು ಆ ರೋಗದ ಮಾದರಿಗಳನ್ನ ತಂದು ಡಿಎನ್ಎ ನೋಡಿದ್ರು. ಅದು 13_ಎ2 ಅನ್ನೋ ವಂಶ. ಯೂರೋಪಿನಲ್ಲಿ 2004ರ ಹೊತ್ತಿಗೆ ಕಾಣಿಸಿಕೊಂಡು, ಕೆಲವೇ ವರ್ಷದಲ್ಲಿ ಬ್ರಿಟನ್ನಿನ ಹಳೆಯ ವಂಶಗಳನ್ನೆಲ್ಲ ಪಕ್ಕಕ್ಕೆ ತಳ್ಳಿದ್ದು ಅದು. ಬಿತ್ತನೆ ಗಡ್ಡೆಯ ಜೊತೆ ಯೂರೋಪಿನಿಂದ ಇಲ್ಲಿಗೆ ಬಂದಿರಬೇಕು ಅಂತ ಸಂಶೋಧಕರ ಊಹೆ. ಮೆಟಲಾಕ್ಸಿಲ್‌ಗೆ ಅದು ಬಗ್ಗಲ್ಲ. ಟೊಮೆಟೊ, ಆಲೂಗಡ್ಡೆ ಎರಡಕ್ಕೂ ಜೋರಾಗಿ ಹತ್ತುತ್ತೆ. ಹಳೆಯ ದೊಡ್ಡ ಜೀನ್‌ಗಳಲ್ಲಿ ಹಲವನ್ನ ಬರುವಾಗಲೇ ದಾಟಿಕೊಂಡು ಬಂದಿತ್ತು. ಅವತ್ತು ನೀವು ಹೊಡೆದ ಔಷಧಿ ತಪ್ಪಲ್ಲ, ಬಿತ್ತಿದ ಗಡ್ಡೆಯೂ ತಪ್ಪಲ್ಲ. ಎದುರಿಗಿದ್ದದ್ದು ಬೇರೆಯದು, ಅದು ಯಾರಿಗೂ ಮೊದಲೇ ಗೊತ್ತಿರಲಿಲ್ಲ.

ದೊಡ್ಡಪ್ಪ: ಗೊತ್ತಿದ್ದವರು ಹೇಳಿದ್ರೆ ಸಾಲ ಮಾಡಿ ಆ ಔಷಧೀನೇ ಮತ್ತೆ ಮತ್ತೆ ಹೊಡೀತಿರಲಿಲ್ಲ ಕಣವ್ವ. ಆ ವರ್ಷದ ಸಾಲ ತೀರಿಸೋಕೆ ನಾವು ಪಟ್ಟ ಪಾಡು ನಿನ್ನಪ್ಪನ್ನ ಕೇಳು.

ಮಗಳು: ಕೇಳಿದ್ದೀನಿ ದೊಡ್ಡಪ್ಪ. ನಾನು ಇದನ್ನ ಓದೋಕೆ ಹೋಗಿದ್ದೇ ಅದಕ್ಕೆ.

ದೊಡ್ಡಪ್ಪ: ಒಂದು ಕೇಳ್ತೀನಿ. ಆ ಮೆಕ್ಸಿಕೋದ ಕಾಡು ಆಲೂಗಡ್ಡೆ ಅಂದೆಯಲ್ಲ, ಅಲ್ಲೂ ಅಂಗಮಾರಿ ಇರ್ತದಾ?

ಮಗಳು: ಇರುತ್ತೆ. ಮಧ್ಯ ಮೆಕ್ಸಿಕೋದ ಬೆಟ್ಟಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬಾಳ್ತಿವೆ.

ದೊಡ್ಡಪ್ಪ: ಆ ಗಿಡ ಯಾಕೆ ಅಳಿದಿಲ್ಲ ಮತ್ತೆ? ಔಷಧಿ ಹೊಡೆಯೋರಿಲ್ಲ, ಹೊಸ ತಳಿ ಕೊಡೋರಿಲ್ಲ.

ಮಗಳು: ಈ ಪ್ರಶ್ನೆ ಕೇಳಿದ್ರಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತೆ. ಅಲ್ಲಿ ಗಿಡವೂ ನಡೀತಾ ಇದೆ. ಹೂ ಬಿಟ್ಟು, ಬೀಜವಾಗಿ, ಪ್ರತಿ ತಲೆಮಾರಿಗೂ ಜೀನ್‌ಗಳು ಕಲೆತು ಹೊಸ ಗಿಡ ಹುಟ್ಟುತ್ತೆ. ಒಂದು ಗಿಡದ ಪಕ್ಕದ ಗಿಡ ಅದರ ಹಾಗೇ ಇರಲ್ಲ. ಒಂದನ್ನ ದಾಟಿದ ಅಂಗಮಾರಿಗೆ ಪಕ್ಕದ್ದು ಸಿಗದೆ ಹೋಗಬಹುದು. ಯಾವುದೋ ನಿರೋಧಕ ಜೀನ್ ಬಹಳ ಸಾಮಾನ್ಯವಾದರೆ ಅದನ್ನ ದಾಟೋ ರೋಗಕ್ಕೆ ಲಾಭ. ಆಗ ಅಪರೂಪದ ಜೀನ್ ಇರೋ ಗಿಡ ಉಳಿಯುತ್ತೆ, ಅದು ಹೆಚ್ಚುತ್ತೆ. ಮತ್ತೆ ರೋಗ ಅದರ ಕಡೆ ತಿರುಗುತ್ತೆ. ಅಲ್ಲಿ ಯಾರೂ ಪೂರ್ತಿ ಗೆದ್ದಿಲ್ಲ, ಯಾರೂ ಅಳಿದಿಲ್ಲ. ನಾವು ಮಾಡಿದ್ದೇನು? ಈ ಇಬ್ಬರಲ್ಲಿ ಗಿಡದ ಕಾಲು ಮಾತ್ರ ಕಟ್ಟಿ ಹಾಕಿದ್ದೀವಿ. ಐರ್ಲೆಂಡಿನಲ್ಲಿ 1845ರಲ್ಲಿ ಆಗಿದ್ದೂ ಇದೇ. ಬಡವರ ಹೊಲದಲ್ಲೆಲ್ಲ ಲಂಪರ್ ಅನ್ನೋ ಒಂದೇ ತಳಿ. ಅಂಗಮಾರಿ ಬಂತು, ಕೆಲವೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಅಷ್ಟು ಜನ ಸಾಯೋಕೆ ಆಗಿನ ಆಳ್ವಿಕೆಯೂ ಕಾರಣ, ರೋಗ ಒಂದೇ ಅಲ್ಲ. ಆದರೆ ಹೊಲ ಅಷ್ಟು ಬೇಗ ಬರಿದಾಗೋಕೆ ಒಂದೇ ತಳಿಯ ಪಾಲು ದೊಡ್ಡದು.

ದೊಡ್ಡಪ್ಪ: ಅದಕ್ಕೇ ಏನೋ ನಮ್ಮ ಹಿರೀಕರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡ್ತಿದ್ದಿದ್ದು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ.

ಮಗಳು: ಅಕ್ಕಡಿಯಲ್ಲಿ ಬೇರೆ ಬೇರೆ ಬೆಳೆ ಸೇರಿಸ್ತೀವಿ. ನಾನು ಹೇಳೋದು ಒಂದೇ ಬೆಳೆಯ ಬೇರೆ ಬೇರೆ ತಳಿ. ಚೀನಾದ ಯುನ್ನಾನ್‌ನಲ್ಲಿ ಭತ್ತದ ಬೆಂಕಿ ರೋಗಕ್ಕೆ ಇದನ್ನ ಸಾವಿರಾರು ರೈತರು ಸೇರಿ ಮಾಡಿ ನೋಡಿದ್ರು, 2000ದಲ್ಲಿ ಅದರ ವಿವರ ಪ್ರಕಟವಾಯ್ತು. ಅಲ್ಲಿನವರಿಗೆ ಇಷ್ಟವಾದ ಅಂಟು ಅಕ್ಕಿಯ ಭತ್ತ ಬೆಂಕಿ ರೋಗಕ್ಕೆ ಬೇಗ ಬಗ್ಗುತ್ತೆ. ಅದರ ಒಂದೊಂದು ಸಾಲನ್ನ ರೋಗ ತಡೆಯೋ ಹೈಬ್ರಿಡ್ ಭತ್ತದ ಸಾಲುಗಳ ನಡುವೆ ನೆಟ್ರು. ಅಂಟು ಭತ್ತವನ್ನೇ ಪೂರ್ತಿ ಬೆಳೆದ ಗದ್ದೆಗೆ ಹೋಲಿಸಿದರೆ ಅದರಲ್ಲಿ ರೋಗ ಶೇ. 94ರಷ್ಟು ಕಡಿಮೆಯಾಯ್ತು, ಇಳುವರಿ ಶೇ. 89ರಷ್ಟು ಹೆಚ್ಚಿತು. ಎರಡು ವರ್ಷ ಆಗೋದ್ರೊಳಗೆ ಶಿಲೀಂಧ್ರನಾಶಕ ಹೊಡೆಯೋದನ್ನೇ ನಿಲ್ಲಿಸಿದ್ರು.

ದೊಡ್ಡಪ್ಪ: ಭತ್ತದಲ್ಲಿ ನಡೀತದೆ, ಕೊಯ್ದು ಬೇರೆ ಮಾಡಬಹುದು. ಮಂಡೀಲಿ ಆಲೂಗಡ್ಡೆ ಚೀಲ ಬಿಚ್ಚಿ ಎರಡು ಜಾತಿ ಗಡ್ಡೆ ಕಂಡ್ರೆ ದಲ್ಲಾಳಿ ಅರ್ಧ ರೇಟು ಹೇಳ್ತಾನೆ. ಇನ್ನೊಂದು, ಅಂಗಮಾರಿ ಗಾಳೀಲಿ ಮೈಲಿಗಟ್ಟಲೆ ಬರ್ತದೆ. ನಾನೊಬ್ಬ ನನ್ನ ಎರಡೆಕರೆಯಲ್ಲಿ ಸಾಲು ಸಾಲಾಗಿ ಬೇರೆ ತಳಿ ಹಾಕಿದ್ರೆ, ಸುತ್ತ ನೂರು ಎಕರೆ ಜ್ಯೋತಿ ಸುಟ್ಕೊಂಡು ಉಗುಳೋ ಬೀಜಾಣು ನನ್ನ ಹೊಲ ಬಿಡ್ತದಾ?

ಮಗಳು: ಬಿಡಲ್ಲ. ಅಂಗಮಾರಿಯಲ್ಲಿ ಮಿಶ್ರ ತಳಿಯ ಫಲ ಬೆಂಕಿ ರೋಗದಷ್ಟು ಸಿಗೋದೂ ಇಲ್ಲ, ಅದೂ ನಿಜ. ಒಬ್ಬರ ಹೊಲದಲ್ಲಿ ಸಾಲು ಬದಲಾಯಿಸೋದಕ್ಕಿಂತ, ಊರಿನಲ್ಲಿ ಹೊಲದಿಂದ ಹೊಲಕ್ಕೆ ತಳಿ ಬದಲಾದರೆ ಉಪಯೋಗ.

ದೊಡ್ಡಪ್ಪ: ಅಂದ್ರೆ ಇದು ಕೆರೆ ನೀರಿನ ಲೆಕ್ಕ. ನಮ್ಮೂರ ಕೆರೆಗೆ ನೀರುಗಂಟಿ ಇದ್ದಾಗ ಯಾರ ಗದ್ದೆಗೆ ಯಾವತ್ತು ನೀರು ಅಂತ ಕಟ್ಟಳೆ ಇತ್ತು. ಮೇಲಿನ ಗದ್ದೆಯವನು ತೂಬು ಎಳೆದು ಎಲ್ಲ ಬಿಟ್ಕೊಂಡ್ರೆ ಕೆಳಗಿನವನಿಗೆ ಒಣಗು. ತಳಿಯ ಶಕ್ತಿಯೂ ಹಂಗೇ ಅಂತೀಯ. ಎಲ್ಲರೂ ಒಂದನ್ನೇ ಬಿತ್ತಿ ಎಲ್ಲರೂ ಸೇರಿ ಬರಿದು ಮಾಡಿದ್ವಿ.

ಮಗಳು: ಹಾಗೇ. ನಿರೋಧಕ ಶಕ್ತಿ ಗಡ್ಡೆಯ ಜೊತೆ ಚೀಲದಲ್ಲಿ ಕೊಂಡು ತರೋ ಸೊತ್ತು ಅಂತ ನಾವು ಅಂದ್ಕೊಂಡಿದ್ದೀವಿ. ಅದು ಒಂದು ತಳಿಗೂ, ಆ ಕಾಲದಲ್ಲಿ ಆ ಊರಲ್ಲಿರೋ ರೋಗಕ್ಕೂ ನಡುವಿನ ಸಂಬಂಧ. ಅದು ಎಷ್ಟು ದಿನ ಬಾಳುತ್ತೆ ಅನ್ನೋದು ಎಲ್ಲರೂ ಸೇರಿ ಅದನ್ನ ಹೇಗೆ ಬಳಸ್ತೀವಿ ಅನ್ನೋದರ ಮೇಲಿದೆ.

ದೊಡ್ಡಪ್ಪ: ಕೇಳೋಕೆ ಸರಿ. ಆದ್ರೆ ನೀರುಗಂಟಿಗೆ ಊರು ಕಾಳು ಕೊಡ್ತಿತ್ತು, ತಪ್ಪಿದವನಿಗೆ ದಂಡ ಹಾಕ್ತಿತ್ತು. ಇಲ್ಲಿ ಲಾಭ ಎಲ್ಲರದ್ದು, ನಷ್ಟ ಬಂದ್ರೆ ಸಾಲ ನನ್ನೊಬ್ಬನದ್ದು. ಹೊಸ ತಳಿ ಬಿತ್ತು ಅನ್ನೋರು ನನ್ನ ಬಡ್ಡಿ ಕಟ್ತಾರಾ? ರೈತನಿಗೆ ಬುದ್ಧಿ ಹೇಳೋ ಮುಂಚೆ ಆ ಏರ್ಪಾಡು ಮಾಡಬೇಕು.

ಮಗಳು: ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಪ್ರಯೋಗಾಲಯದಲ್ಲಿ ಸಿಗೋ ಉತ್ತರವೂ ಅಲ್ಲ ಅದು. ಬೀಜವನ್ನ ಇಲ್ಲೇ ಮಾಡ್ಕೊಳ್ಳೋದಾದರೆ ಸ್ವಲ್ಪ ಹಿಡಿತ ನಮ್ಮ ಕೈಗೆ ಬರುತ್ತೆ. ಜಲಂಧರ್‌ನಿಂದ ಯಾವುದು ಬರುತ್ತೋ ಅದನ್ನೇ ಬಿತ್ತಬೇಕು ಅನ್ನೋದು ಇರೋವರೆಗೂ ತಳಿ ಆರಿಸೋರು ನಾವಲ್ಲ. ಅವರು ಚಳಿಗಾಲದಲ್ಲಿ, ಒಣ ಹವೆಯಲ್ಲಿ ಬೆಳೀತಾರೆ. ನಾವು ಮುಂಗಾರಿನಲ್ಲಿ, ಅಂಗಮಾರಿಗೆ ಬೇಕಾದ ಹವೆಯಲ್ಲೇ ಬೆಳೀತೀವಿ. ದೇಶದಲ್ಲಿ ಬಹುಪಾಲು ಆಲೂಗಡ್ಡೆ ಹಿಂಗಾರಿನದು, ಹಾಗಾಗಿ ನಮ್ಮ ಕಷ್ಟಕ್ಕೆ ಅಂತ ಬೀಜ ಬರೋದು ಕಡಿಮೆ. ಈಗ ನಮ್ಮ ಜಿಲ್ಲೆಯಲ್ಲೇ ಅಂಗಾಂಶ ಕೃಷಿಯ ಗಿಡದ ತುದಿ ಕತ್ತರಿಸಿ ಬೇರು ಬರಿಸಿ, ಆ ಸಸಿಯಿಂದ ಬೀಜದ ಗಡ್ಡೆ ಮಾಡೋ ಕೆಲಸ ಶುರುವಾಗಿದೆ. 2006ರಲ್ಲಿ ಬಂದ ಕುಫ್ರಿ ಹಿಮಾಲಿನಿಯಂಥ ತಳಿಯನ್ನ ಹಾಗೆ ಬೆಳೆಸ್ಕೋಬಹುದು. ಅಂಗಮಾರಿ ಅದಕ್ಕೆ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಜ್ಯೋತಿಗಿಂತ ತಾಳಿಕೆ ಹೆಚ್ಚು.

ದೊಡ್ಡಪ್ಪ: ಅದನ್ನೂ ಎಲ್ಲರೂ ಬಿತ್ತಿದ್ರೆ?

ಮಗಳು: ಅದನ್ನೂ ರೋಗ ಕಲಿಯುತ್ತೆ. ಅದಕ್ಕೇ ಜ್ಯೋತಿ ಬಿಟ್ಟು ಹಿಮಾಲಿನಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಎರಡು ಮೂರು ತಳಿ ಊರಲ್ಲಿರಲಿ. ಕೊಳೆತ ಗಡ್ಡೆಯನ್ನ ಬದುವಿನ ಮೇಲೆ ರಾಶಿ ಹಾಕಬೇಡಿ, ಗುಂಡಿ ತೆಗೆದು ಮುಚ್ಚಿಸಿ. ಕಿತ್ತ ಹೊಲದಲ್ಲಿ ತಾನಾಗೇ ಹುಟ್ಟೋ ಗಿಡ ಉಳಿಸಬೇಡಿ, ಮುಂದಿನ ಬೆಳೆವರೆಗೆ ಅಂಗಮಾರಿ ಜೀವ ಹಿಡ್ಕೊಂಡಿರೋದು ಅಲ್ಲೇ. ಆಲೂಗಡ್ಡೆ ಪಕ್ಕದಲ್ಲೇ ಟೊಮೆಟೊ ಬೇಡ. ಮ್ಯಾಂಕೋಜೆಬ್ ಹೊಡೆಯೋದಾದರೆ ಮಚ್ಚೆ ಬರೋಕೆ ಮುಂಚೆ. ಒಂದೇ ಕಡೆ ತಾಕೋ ಔಷಧಿಯನ್ನ ಒಂದರ ಹಿಂದೊಂದು ಹೊಡೆಯಬೇಡಿ.

ದೊಡ್ಡಪ್ಪ: ನಮ್ಮ ಬೋರೆ ಹೊಲದ ಸಾಲಿನಲ್ಲಿ ನಾಕು ಮನೆಯವರು ಒಂದಾಗಿ ಬಿತ್ತೋರು ಇದೀವಿ. ಅವರನ್ನ ಕೂರಿಸಿ ಮಾತಾಡ್ತೀನಿ. ಇಬ್ಬರು ಜ್ಯೋತಿ, ಇಬ್ಬರು ಬೇರೆ. ಗಡ್ಡೆ ಸಿಕ್ಕಿದ್ರೆ. ಮಾರೋವಾಗ ಚೀಲ ಬೇರೆ ಬೇರೆ. ಬೆಲೆ ಬೀಳ್ತು ಅಂದ್ರೆ ಮರುವರ್ಷ ನಾನು ಜ್ಯೋತಿಗೇ ಬರೋನು, ಈಗ್ಲೇ ಹೇಳಿರ್ತೀನಿ.

ಮಗಳು: ಬನ್ನಿ, ಬೇಡ ಅನ್ನಲ್ಲ. ನನಗೆ ಒಂದು ಕೆಲಸ ಮಾತ್ರ ಮಾಡಿಕೊಡಿ. ಮೊದಲ ಮಚ್ಚೆ ಕಂಡ ದಿನ ಎಲೆ ಕಿತ್ತು ಕಾಗದದ ನಡುವೆ ಒತ್ತಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಕೊಳೆಯುತ್ತೆ. ಯಾವ ತಳಿ, ಯಾರ ಹೊಲ, ಯಾವ ತಾರೀಖು ಅಂತ ಬರೆದಿರಲಿ. ಈಗ ನಮ್ಮೂರಲ್ಲಿ ಇರೋದು ಯಾವ ವಂಶ, ಎರಡೂ ತಳಿಗೆ ಹತ್ತಿದ್ದು ಒಂದೇನಾ ಅಂತ ಡಿಎನ್ಎ ತೆಗೆದು ನೋಡಬಹುದು.

ದೊಡ್ಡಪ್ಪ: ಔಷಧಿ ಹೊಡೆಯೋಕೆ ಮುಂಚೆ ಕೀಳಬೇಕೋ, ಹೊಡೆದ ಮೇಲೋ?

ಮಗಳು: ಮುಂಚೆ ಒಂದು ಸಲ. ಹೊಡೆದ ಮೇಲೂ ಹೊಸ ಮಚ್ಚೆ ಬಂದರೆ ಇನ್ನೊಂದು ಸಲ, ಯಾವ ಔಷಧಿ ಅಂತ ಬರೆದು ಬೇರೆ ಲಕೋಟೆಯಲ್ಲಿ. ನನಗೆ ಆ ಎರಡನೇ ಲಕೋಟೆಯೇ ಹೆಚ್ಚು ಬೇಕು.